ಪಾಠ ಫೋನಿನಲ್ಲಿ, ತಿದ್ದುವುದು ಕಟ್ಟೆಯ ಮೇಲೆ
(ನರೇಗಲ್ಲಿನಲ್ಲಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಊರಲ್ಲಿ ದುಡಿಯುವವರಿಗಾಗಿ ಒಂದು ಶಿಕ್ಷಣ ವರ್ಗ ತೆರೆಯಬೇಕೆಂದು ನಾವು ನಿಶ್ಚಯಿಸಿದ್ದೇವೆ. ಪಾಠವನ್ನು ಫೋನಿಗೆ ಕಳಿಸಿದರಾಯಿತು, ಎಲ್ಲರೂ ಕೂಡುವ ತೊಂದರೆ ಏಕೆ ಎಂದು ಕೆಲವರು ಕೇಳಿದ್ದಾರೆ. ಇದಕ್ಕೆ ನನ್ನ ತಪ್ಪನ್ನೇ ಉತ್ತರವಾಗಿ ಹೇಳುತ್ತೇನೆ.

2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದಾಗ ನಾನು ಮಾಸ್ತರನಾಗಿದ್ದೆ. ಮುಕ್ಕಾಲು ತಾಸಿನ ಪಾಠವನ್ನು ಬೆಳಿಗ್ಗೆ ಹತ್ತಕ್ಕೆ ಕಳಿಸುತ್ತಿದ್ದೆ. ಮನೆಗೊಂದೇ ಫೋನು, ಅದು ಅಪ್ಪನ ಜೇಬಿನಲ್ಲಿ ಮಿಲ್ಲಿಗೆ ಹೋಗಿರುತ್ತಿತ್ತು. ರಾತ್ರಿ ಮನೆಗೆ ಬರುವಷ್ಟರಲ್ಲಿ ಡೇಟಾ ತೀರಿರುತ್ತಿತ್ತು. ಕಲಿಸಿದೆನೆಂದು ನಾನು ವರದಿ ಬರೆದೆ. ಕಲಿತವರು ಯಾರೆಂದು ಕೇಳಲಿಲ್ಲ.

ಅದೇ ವರ್ಷ ಆಗಸ್ಟಿನಲ್ಲಿ ಸರಕಾರವು ‘ವಿದ್ಯಾಗಮ’ವನ್ನು ಆರಂಭಿಸಿತು. ಸ್ಮಾರ್ಟ್‌ಫೋನ್ ಉಳ್ಳವರು, ಸಾದಾ ಫೋನಿನವರು, ಏನೂ ಇಲ್ಲದವರು ಎಂದು ಮಕ್ಕಳ ಗುಂಪು ಮಾಡಿದರು. ಗುಡಿಯ ಕಟ್ಟೆಯಲ್ಲಿ, ಮರದ ನೆರಳಲ್ಲಿ ಮಾಸ್ತರರು ಮಕ್ಕಳನ್ನು ಕಂಡರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ತಡೆಹಿಡಿಯಲಾಯಿತು. ಆದರೂ ಅದರ ಮೂಲ ವಿಚಾರ ಸರಿಯಾದದ್ದು: ಕಲಿಯುವವನ ಕೈಯಲ್ಲಿ ಏನಿದೆಯೆಂದು ಮೊದಲು ನೋಡಬೇಕು, ಆಮೇಲೆ ಪಾಠ ಕಟ್ಟಬೇಕು.

2021ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ನೂರಕ್ಕೆ 40ರಷ್ಟು ಪಾಠ ಆನ್‌ಲೈನಿನಲ್ಲಿ ನಡೆಯಬಹುದೆಂಬ ಕರಡನ್ನು ಹೊರಡಿಸಿತು. ಆದರೆ ಪಾಲು ಹಂಚಿದ ಮಾತ್ರಕ್ಕೆ ವಿದ್ಯೆ ಬಾರದು. ಯಾವುದನ್ನು ಫೋನಿನಲ್ಲಿ ಹೇಳಬಹುದು, ಯಾವುದಕ್ಕೆ ಎದುರಾಎದುರು ಕೂಡಲೇಬೇಕು ಎಂಬುದೇ ಮುಖ್ಯ ಪ್ರಶ್ನೆ.

ಆದ್ದರಿಂದ ನಮ್ಮ ವರ್ಗವು ಕೊನೆಯಿಂದ ಹೊರಡತಕ್ಕದ್ದು. ಪಾಠ ಮುಗಿದಾಗ ಕಲಿತವನು ಏನು ಮಾಡಬಲ್ಲವನಾಗಬೇಕು? ಭವಿಷ್ಯನಿಧಿಗೆ ಸಾಮಾನ್ಯವಾಗಿ ಮೂಲ ಪಗಾರ ಮತ್ತು ತುಟ್ಟಿಭತ್ಯೆಯ ನೂರಕ್ಕೆ 12ರಂತೆ ಹಿಡಿಯುತ್ತಾರೆ. ಮಾಲೀಕನೂ ತನ್ನ ಪಾಲು ಹಾಕಬೇಕು. ಕಾರ್ಮಿಕನು ಈ ಲೆಕ್ಕವನ್ನು ತಾನೇ ತಾಳೆ ನೋಡಬೇಕು. ಅಂಗಡಿಕಾರನು ತನ್ನ ಕಿರ್ದಿ-ಖಾತೆ ತಾನೇ ಬರೆಯಬೇಕು.

ಒಂದೊಂದು ಪಾಠವೂ ಹತ್ತು ನಿಮಿಷ ಮೀರಬಾರದು. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಾಗಲೂ ನಡೆಯುವಂತಿರಬೇಕು. ಪ್ರತಿ ಪಾಠಕ್ಕೊಂದು ಲೆಕ್ಕವನ್ನು ಕಾಗದದ ಮೇಲೆ ಬಿಡಿಸಬೇಕು. ವಾರದ ರಜೆಯ ದಿನ ಕಟ್ಟೆಯ ಮೇಲೆ ಕೂಡಿ, ಹೇಳಿದ್ದನ್ನೇ ಹೇಳದೆ, ತಪ್ಪಿದ್ದನ್ನು ತಿದ್ದಬೇಕು. ಬಾರದವನ ಮನೆಗೆ ಒಬ್ಬರು ಹೋಗಿ ಕಾರಣ ಕೇಳಬೇಕು. ಫೋನು ನೂರು ಸಲ ಬೇಸರವಿಲ್ಲದೆ ಹೇಳೀತು. ಆದರೆ ಈ ಕೆಲಸ ಮಾಡಲಾರದು.

ಮೊದಲನೆಯ ಕೂಟಕ್ಕೆ ನಿಮ್ಮ ಪಗಾರ ಚೀಟಿ ತನ್ನಿ, ಅಂಗಡಿಯ ಕಿರ್ದಿ ತನ್ನಿ. ನಮ್ಮ ಪಾಠ ಅಲ್ಲಿಂದಲೇ ಆರಂಭವಾಗಲಿ.