ಸಹಿ ಹಾಕದವರ ರಕ್ತ: ‘ನೆಕ್ಸ್ಟ್’ ಕಾದಂಬರಿಯ ಒಂದು ಓದು



ಈ ದತ್ತಿ ಉಪನ್ಯಾಸ ಯಾರ ನೆನಪಿನದೋ ಆ ಹಿರಿಯರನ್ನು ಊರೆಲ್ಲ ‘ಮೇಷ್ಟ್ರು’ ಎಂದೇ ಕರೆಯುತ್ತಿತ್ತು. ನಾನೂ ಹಾಗೇ ಕರೆಯುತ್ತೇನೆ. ಜೀವಶಾಸ್ತ್ರದ ಪಾಠ ಮಾಡುತ್ತಲೇ ಹುಡುಗರ ಕೈಗೆ ಕಾದಂಬರಿ ಕೊಡುತ್ತಿದ್ದವರು ಅವರು. ವಂಶವಾಹಿ ಸಮಾಲೋಚನೆಯನ್ನೇ ವೃತ್ತಿಯಾಗಿಸಿಕೊಂಡ ನನ್ನನ್ನು ಅವರ ಹೆಸರಿನ ಉಪನ್ಯಾಸಕ್ಕೆ ಕರೆದದ್ದು ನನ್ನ ಪಾಲಿನ ದೊಡ್ಡ ಗೌರವ. ಮೇಷ್ಟ್ರಿಗೆ ಒಪ್ಪುವಂತೆ ಒಂದು ಥ್ರಿಲ್ಲರನ್ನೇ ಎತ್ತಿಕೊಂಡಿದ್ದೇನೆ: ಮೈಕೆಲ್ ಕ್ರೈಟನ್ 2006ರಲ್ಲಿ ಪ್ರಕಟಿಸಿದ ‘ನೆಕ್ಸ್ಟ್’.

ಡಿಎನ್‌ಎ ಎಂದರೇನು, ವರ್ಣತಂತುಗಳೆಷ್ಟು ಎಂಬುದೆಲ್ಲ ಪಿಯುಸಿ ಪಠ್ಯದಲ್ಲೇ ಇದೆ. ಇಲ್ಲಿ ಅದನ್ನು ಹೇಳುತ್ತ ಕೂರುವುದಿಲ್ಲ. ಇಷ್ಟು ನೆನಪಿದ್ದರೆ ಸಾಕು: ಮಗುವಿಗೆ ಅರ್ಧ ತಾಯಿಯದು, ಅರ್ಧ ತಂದೆಯದು. ಒಡಹುಟ್ಟಿದವರ ನಡುವೆ ಸರಾಸರಿ ಅರ್ಧ ಸಮಾನ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಕಾಲು ಭಾಗ.

ಕಾದಂಬರಿಯಲ್ಲಿ ಕಥೆಯ ಎಳೆಗಳು ಹಲವು. ನನಗೆ ಬೇಕಾದದ್ದು ಒಂದು. ಫ್ರ್ಯಾಂಕ್ ಬರ್ನೆಟ್ ಎಂಬವನಿಗೆ ರಕ್ತದ ಕ್ಯಾನ್ಸರ್. ಚಿಕಿತ್ಸೆ ಕೊಟ್ಟ ವಿಶ್ವವಿದ್ಯಾಲಯ ಅವನ ಜೀವಕೋಶಗಳನ್ನು ಒಂದು ಕಂಪನಿಗೆ ಮಾರಿಬಿಡುತ್ತದೆ. ಅವನು ಕೋರ್ಟಿಗೆ ಹೋಗಿ ಸೋಲುತ್ತಾನೆ. ಮುಂದೆ ಕಂಪನಿ ಇಟ್ಟುಕೊಂಡಿದ್ದ ಕೋಶಗಳು ಹಾಳಾಗುತ್ತವೆ. ಫ್ರ್ಯಾಂಕ್ ಕೈಗೆ ಸಿಗುವುದಿಲ್ಲ. ಆಗ ಕಂಪನಿಯ ಕಣ್ಣು ಅವನ ಮಗಳು ಅಲೆಕ್ಸ್ ಮತ್ತು ಮೊಮ್ಮಗ ಜೇಮಿಯ ಮೇಲೆ ಬೀಳುತ್ತದೆ. ಅವರ ಮೈಯಲ್ಲೂ ಅದೇ ರಕ್ತವಿದೆಯಲ್ಲ! ಬಾಡಿಗೆಯ ಬೇಟೆಗಾರನೊಬ್ಬ ಬೆನ್ನು ಹತ್ತುತ್ತಾನೆ, ತಾಯಿ ಮಗುವನ್ನು ಕಟ್ಟಿಕೊಂಡು ಓಡುತ್ತಾಳೆ.

ಇದರ ಹಿಂದೆ ನಿಜವಾದ ಮೊಕದ್ದಮೆಯೊಂದಿದೆ. ಜಾನ್ ಮೂರ್ ಎಂಬವರಿಗೆ 1976ರಲ್ಲಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಗುಲ್ಮ ತೆಗೆದರು. ಆಮೇಲೆ 1983ರವರೆಗೂ ಅವರನ್ನು ಸಿಯಾಟಲ್‌ನಿಂದ ಮತ್ತೆ ಮತ್ತೆ ಕರೆಸಿ ರಕ್ತ, ಚರ್ಮ, ಮಜ್ಜೆ ತೆಗೆದುಕೊಂಡರು. 1984ರಲ್ಲಿ ಆ ಕೋಶಗಳ ಮೇಲೆ ಪೇಟೆಂಟ್ ಬಂತು. ದೇಹದಿಂದ ತೆಗೆದ ಕೋಶಗಳ ಒಡೆತನ ಕೇಳುವಂತಿಲ್ಲ, ಆದರೆ ವೈದ್ಯರು ತಮ್ಮ ಹಣಕಾಸಿನ ಹಿತಾಸಕ್ತಿಯನ್ನು ರೋಗಿಗೆ ಮೊದಲೇ ತಿಳಿಸಬೇಕಿತ್ತು ಎಂದು 1990ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಈ ಕಾದಂಬರಿಯ ಕಾಲ ಮುಗಿಯಿತು ಎನ್ನುವವರಿದ್ದಾರೆ. ಅವರ ವಾದ ಹೀಗೆ: ಕ್ರೈಟನ್ ಸಿಟ್ಟಾಗಿದ್ದದ್ದು ವಂಶವಾಹಿಯ ಪೇಟೆಂಟ್ ಮೇಲೆ, ಪುಸ್ತಕದ ಕೊನೆಯಲ್ಲಿ ಅದನ್ನು ರದ್ದುಮಾಡಿ ಎಂದು ನೇರವಾಗಿಯೇ ಬರೆದರು, 2013ರ ಜೂನ್‌ನಲ್ಲಿ ಮಿರಿಯಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಪ್ರಕೃತಿಯಲ್ಲಿರುವ ಡಿಎನ್‌ಎಗೆ ಪೇಟೆಂಟ್ ಇಲ್ಲವೆಂದು ಒಮ್ಮತದಿಂದ ಹೇಳಿತು, ಇನ್ನೇನು ಉಳಿಯಿತು? 2008ರಲ್ಲೇ ತೀರಿಕೊಂಡ ಕ್ರೈಟನ್ ಈ ತೀರ್ಪನ್ನು ನೋಡಲಿಲ್ಲ. ಆದರೆ ಈ ವಾದ ಮಾಡುವವರು ಕಾದಂಬರಿಯ ಅನುಬಂಧ ಓದಿದ್ದಾರೆ, ಕಾದಂಬರಿ ಓದಿಲ್ಲ. ಜೇಮಿಯ ಬೆನ್ನು ಹತ್ತಿದ್ದಕ್ಕೆ ಮೂಲ ಪೇಟೆಂಟ್ ಅಲ್ಲ. ಅಜ್ಜನ ರಕ್ತ ಕೈಗೆ ಬಂದರೆ ಮೊಮ್ಮಗನದೂ ಬಂದಂತೆ ಎಂಬ ತರ್ಕ ಅದರ ಮೂಲ. ಅದನ್ನು ಮಿರಿಯಡ್ ತೀರ್ಪು ಮುರಿದಿಲ್ಲ.

ಪಾತ್ರಗಳು ತೆಳು ಎಂಬ ವಿಮರ್ಶಕರ ದೂರು ನಿಜವೇ. ಅದರ ಬಗ್ಗೆ ಜಗಳವಿಲ್ಲ.

ನನ್ನ ನಿಜವಾದ ಜಗಳ ಕಾನೂನು ಪಂಡಿತರ ಜೊತೆ. ಸಮ್ಮತಿ ಪತ್ರವನ್ನು ಬಿಗಿಯಾಗಿ ಬರೆದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ ಅವರು. ಯಾರ ಸಮ್ಮತಿ? ನಮ್ಮ ಕೋಣೆಯಲ್ಲಿ ಮೊದಲು ನಡೆಯುವ ಕೆಲಸ ವಂಶವೃಕ್ಷ ಬರೆಯುವುದು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ರೋಗವಿದ್ದರೆ ಒಳಗೆ ಕಪ್ಪು, ತೀರಿಕೊಂಡಿದ್ದರೆ ಮೇಲೊಂದು ಓರೆಗೆರೆ, ಪರೀಕ್ಷೆಗೆ ಬಂದವರ ಪಕ್ಕ ಒಂದು ಬಾಣ. ಸಂಬಂಧದಲ್ಲೇ ಮದುವೆಯಾಗಿದ್ದರೆ ಗಂಡ ಹೆಂಡತಿಯ ನಡುವೆ ಜೋಡಿಗೆರೆ. ಸೋದರಮಾವನಿಗೆ ಕೊಟ್ಟು ಮಾಡುವ ನಮ್ಮ ಕಡೆ ಆ ಜೋಡಿಗೆರೆ ಹೊಸದಲ್ಲ. ಹಾಳೆ ತುಂಬುವ ಹೊತ್ತಿಗೆ ಹತ್ತಾರು ಜನ ಅದರೊಳಗೆ ಬಂದಿರುತ್ತಾರೆ. ಸಹಿ ಹಾಕಿರುವುದು ಬಾಣದ ಗುರುತಿನ ಒಬ್ಬರು. ‘ನಮ್ಮ ಅಕ್ಕಂಗೆ ಗೊತ್ತಾಗ್ಬಾರ್ದು ಮೇಡಂ, ಅವಳ ಮಗಳಿಗೆ ಗಂಡು ನೋಡ್ತಿದಾರೆ’ ಎನ್ನುತ್ತಾರೆ ದೋಷ ಪತ್ತೆಯಾದ ತಂಗಿಯೊಬ್ಬರು. ಆ ಅಕ್ಕನಿಗೂ ಅದೇ ದೋಷ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ ಎಂಬುದು ನನಗೆ ಗೊತ್ತು, ತಂಗಿಗೆ ಗೊತ್ತು. ಅಕ್ಕನಿಗೆ ಮಾತ್ರ ಗೊತ್ತಿಲ್ಲ.

ಹಂಟಿಂಗ್ಟನ್ ರೋಗವನ್ನು ನೋಡಿ. ಅಜ್ಜನಿಗೆ ರೋಗವಿತ್ತು, ತಂದೆ ‘ನನಗೆ ತಿಳಿಯುವುದೇ ಬೇಡ’ ಎಂದು ಪರೀಕ್ಷೆಯಿಂದ ದೂರ ಉಳಿದಿದ್ದಾರೆ. ಮಗ ಪರೀಕ್ಷೆ ಮಾಡಿಸಿಕೊಂಡು ದೋಷವಿದೆ ಎಂದು ಬಂದರೆ, ಆ ವರದಿಯೇ ತಂದೆಯದೂ ಆಗುತ್ತದೆ. ಮಗನ ಸಮ್ಮತಿ ಪತ್ರದ ಯಾವ ಸಾಲು ತಂದೆಯ ಬೇಡಿಕೆಯನ್ನು ಕಾಪಾಡುತ್ತದೆ?

ಇಂಗ್ಲೆಂಡಿನ ಒಂದು ಮೊಕದ್ದಮೆ ಇದನ್ನೇ ತಿರುಗುಮುರುಗು ಮಾಡಿ ತೋರಿಸಿತು. ಹೆಂಡತಿಯನ್ನು ಕೊಂದು ಆಸ್ಪತ್ರೆಯ ಬಂಧನದಲ್ಲಿದ್ದವನಿಗೆ 2009ರಲ್ಲಿ ಹಂಟಿಂಗ್ಟನ್ ಇದೆಯೆಂದು ಖಚಿತವಾಯಿತು. ಮಗಳು ಆಗ ಗರ್ಭಿಣಿ. ಅವಳಿಗೆ ತಿಳಿಸೋಣವೇ ಎಂದು ವೈದ್ಯರು ಕೇಳಿದರೆ ತಂದೆ ಬೇಡ ಎಂದ. ಹೆರಿಗೆಯಾದ ಮೇಲೆ ಆಕೆಗೆ ವಿಷಯ ಆಕಸ್ಮಿಕವಾಗಿ ಗೊತ್ತಾಯಿತು. ಪರೀಕ್ಷೆಯಲ್ಲಿ ಆಕೆಗೂ ಅದೇ ದೋಷ. ರೋಗಿಯ ಗುಟ್ಟನ್ನೂ ಸಂಬಂಧಿಯ ಹಿತವನ್ನೂ ತೂಗಿನೋಡುವ ಹೊಣೆ ವೈದ್ಯರಿಗಿದೆ ಎಂದು 2020ರಲ್ಲಿ ಲಂಡನ್ನಿನ ಹೈಕೋರ್ಟ್ ಒಪ್ಪಿತು. ಆದರೂ ಈ ಪ್ರಕರಣದಲ್ಲಿ ತಪ್ಪಾಗಿಲ್ಲವೆಂದು ಆಕೆಯ ದಾವೆಯನ್ನು ತಳ್ಳಿಹಾಕಿತು. ಸೋತಳು ನಿಜ. ಆದರೆ ಪರೀಕ್ಷೆ ಮಾಡಿಸಿಕೊಂಡವರಾಚೆಗೂ ಒಬ್ಬರಿದ್ದಾರೆ ಎಂಬುದನ್ನು ಕಾನೂನು ಅಲ್ಲಿ ಕಂಡಿತು.

ಹೊಣೆಯ ಪ್ರಶ್ನೆ ಆಸ್ಪತ್ರೆಗೇ ಮುಗಿಯುವುದಿಲ್ಲ. 2018ರಲ್ಲಿ ಕ್ಯಾಲಿಫೋರ್ನಿಯಾದ ಪೊಲೀಸರು ಹಳೆಯ ಸರಣಿ ಹಂತಕನೊಬ್ಬನನ್ನು ಹಿಡಿದದ್ದು ವಂಶಾವಳಿ ಹುಡುಕುವವರ ಡಿಎನ್‌ಎ ಸಂಗ್ರಹದಲ್ಲಿ ಸಿಕ್ಕ ದೂರದ ನೆಂಟರ ಮೂಲಕ. ಕೊಲೆಗಾರ ಸಿಕ್ಕಿದ್ದು ಒಳ್ಳೆಯದೇ. ಅದೇ ದಾರಿಯಲ್ಲಿ ನಿರಪರಾಧಿಯನ್ನೂ ಹುಡುಕಬಹುದು, ಕ್ರೈಟನ್‌ನ ಕಂಪನಿ ಮಗುವನ್ನು ಹುಡುಕಿದಂತೆ.

ಮೇಷ್ಟ್ರಿಗೆ ಪ್ರಿಯವಾಗಿದ್ದ ಭೈರಪ್ಪನವರ ‘ವಂಶವೃಕ್ಷ’ ಕಾದಂಬರಿಯ (1965) ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಗುಟ್ಟು ತಿಳಿಯುವುದು ಮುಪ್ಪಿನಲ್ಲಿ. ಅದನ್ನು ಏನು ಮಾಡಬೇಕೆಂದು ತೀರ್ಮಾನಿಸುವವರೂ ಅವರೇ. ಇಂದು ಅಂಥ ಗುಟ್ಟು ಮೊಮ್ಮಗನ ಮೊಬೈಲಿಗೆ ವರದಿಯಾಗಿ ಬರಬಹುದು; ತೀರ್ಮಾನ ಶ್ರೋತ್ರಿಗಳ ಕೈಯಲ್ಲಿರುವುದಿಲ್ಲ.

ನಮ್ಮಲ್ಲಿ ಡಿಎನ್‌ಎ ತಂತ್ರಜ್ಞಾನದ ಬಳಕೆಯನ್ನು ನಿಯಂತ್ರಿಸುವ 2019ರ ಮಸೂದೆಯನ್ನು ಸರ್ಕಾರ 2023ರಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಬಂದ ವೈಯಕ್ತಿಕ ದತ್ತಾಂಶ ಕಾಯ್ದೆ ವಂಶವಾಹಿಯ ಮಾಹಿತಿಗೆ ಪ್ರತ್ಯೇಕ ಸ್ಥಾನ ಕೊಡಲಿಲ್ಲ. ಅದರ ಸಮ್ಮತಿಯೂ ಒಬ್ಬೊಬ್ಬರದೇ. ಇದು ಸಾಲದು. ಒಬ್ಬರ ವರದಿ ಇನ್ನೊಬ್ಬರ ಬದುಕನ್ನು ಮುಟ್ಟುವಾಗ ಆ ಇನ್ನೊಬ್ಬರಿಗೆ ತಿಳಿಯುವ ಹಕ್ಕೂ ತಿಳಿಯದಿರುವ ಹಕ್ಕೂ ಕಾನೂನಿನಲ್ಲಿ ಬರಬೇಕು. ಸಭೆಯಲ್ಲಿರುವ ವಕೀಲರು ಇದನ್ನು ಕೈಗೆತ್ತಿಕೊಳ್ಳಬೇಕೆಂದು ಬೇಡುತ್ತೇನೆ. ಉಳಿದವರಿಗೆ ಒಂದೇ ವಿನಂತಿ: ಪರೀಕ್ಷೆಗೆ ರಕ್ತ ಕೊಡುವ ಮೊದಲು ಒಡಹುಟ್ಟಿದವರನ್ನು ಕೂರಿಸಿಕೊಂಡು ಮಾತಾಡಿ.