ಹಳೆಯ ಮನೆಗೆ ಹೊಸ ಕೊಟ್ಟಿಗೆ

(ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಮೇವು, ಕೆಚ್ಚಲು ಬಾವು, ಕೃತಕ ಗರ್ಭಧಾರಣೆ ಇವುಗಳ ಬಗ್ಗೆ ತಾವು ಬೇಕಾದಷ್ಟು ಕೇಳಿದ್ದೀರಿ. ಇಂದು ನಾನು ಹೇಳಹೊರಟಿರುವುದು ಕೊಟ್ಟಿಗೆಯ ವಿಚಾರ, ಅದರಲ್ಲೂ ತಾತ ಮುತ್ತಾತಂದಿರ ಕಾಲದ ಮನೆಯ ಪಕ್ಕದಲ್ಲಿ ಕಟ್ಟುವ ಕೊಟ್ಟಿಗೆಯ ವಿಚಾರ.

ನಮ್ಮ ಹಾಸನ, ಮಂಡ್ಯ, ಮೈಸೂರು ಸೀಮೆಯ ತೊಟ್ಟಿಮನೆಗಳನ್ನು ತಾವೆಲ್ಲ ಬಲ್ಲಿರಿ. ದಪ್ಪನೆಯ ಮಣ್ಣಿನ ಗೋಡೆ, ಮರದ ಕಂಬ, ಹೆಂಚಿನ ಮಾಡು. ಎಷ್ಟೋ ಕಡೆ ದನಗಳೂ ಅದೇ ಸೂರಿನಡಿ ಇದ್ದವು. ಒಂದು ನಾಟಿ ಹಸು, ಒಂದು ಜೊತೆ ಎತ್ತು ಇದ್ದಾಗ ಅದು ನಡೆಯಿತು. ಮಿಶ್ರತಳಿ ಹಸು ಬಂದ ಮೇಲೆ ಮೇವು, ನೀರು, ಸಗಣಿ, ಗಂಜಲ ಎಲ್ಲವೂ ಹೆಚ್ಚಾಯಿತು. ಹೊರಗೆ ಬೇರೆ ಕೊಟ್ಟಿಗೆ ಬೇಕೇ ಬೇಕು. ನಾನು ಎಡವಿದ್ದೂ ಅಲ್ಲಿಯೇ.

ಒಂದು ಗೋಡೆಯ ಖರ್ಚು ಉಳಿಯುತ್ತದೆಂದು ಹಳೆಯ ಮನೆಯ ಪಡುವಣ ಗೋಡೆಗೇ ಆನಿಸಿ ಸಿಮೆಂಟ್ ಶೀಟು ಹೊದಿಸಿದೆ. ಗೋಡೆಯ ಬುಡಕ್ಕೆ ಸಿಮೆಂಟ್ ಗಾರೆ ಬಳಿಸಿದೆ. "ಮಣ್ಣಿನ ಗೋಡೆಗೆ ಉಸಿರು ಕಟ್ಟುತ್ತೆ ಕಣಪ್ಪಾ" ಎಂದರು ನಮ್ಮ ತಾಯಿ. ನಾನು ಕೇಳಲಿಲ್ಲ. ಮೂರನೆಯ ಮಳೆಗಾಲಕ್ಕೆ ಗಾರೆ ಹಪ್ಪಳದಂತೆ ಎದ್ದು ಬಂತು. ಗಂಜಲ ಬುಡದಿಂದ ಹೀರಿಕೊಂಡು ಮೇಲೇರಿತ್ತು; ಮೇಲೆ ಸಿಮೆಂಟ್ ಇದ್ದುದರಿಂದ ತೇವ ಆರಲು ದಾರಿಯೇ ಇರಲಿಲ್ಲ. ಅಡುಗೆಮನೆಯ ತೊಲೆಗೆ ಬಲಿಗಂಬ ಕೊಟ್ಟು ಎರಡು ತಿಂಗಳು ಜೀವ ಕೈಯಲ್ಲಿ ಹಿಡಿದಿದ್ದೆವು. ಬೇಸಿಗೆಯಲ್ಲಂತೂ ಶೀಟಿನ ಕಾವಿಗೆ ಹಸು ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು. ಸಂಜೆಯ ಹಾಲು ಇಳಿಯಿತು.

ಎರಡನೆಯ ಸಲ ಮನೆಯ ಮೂಡಣ ಹಿತ್ತಲಿನಲ್ಲಿ, ಗೋಡೆಯಿಂದ 15 ಅಡಿ ಬಿಟ್ಟು ಕಟ್ಟಿದೆ. ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದಲ್ಲವೇ? ಮೂಡಣದಲ್ಲಿದ್ದರೆ ವಾಸನೆ ಮನೆಗೆ ಬಾರದು. ಕೊಟ್ಟಿಗೆಯ ಉದ್ದ ಪೂರ್ವ-ಪಶ್ಚಿಮಕ್ಕೆ ಇರಲಿ, ಬಿಸಿಲು ಒಳಗೆ ಕಡಿಮೆ ಬೀಳುತ್ತದೆ. ಒಂದು ಹಸು ನಿಲ್ಲಲು ಐದೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲ ಸಾಕು. ಹಿಂದೆ ಒಂದಡಿ ಅಗಲದ ಮೋರಿ, 40 ಅಡಿಗೆ ಒಂದಡಿಯಂತೆ ಇಳಿಜಾರು. ಆ ಇಳಿಜಾರು ಮನೆಯ ಕಡೆಗಲ್ಲ, ತಿಪ್ಪೆಯ ಕಡೆಗೆ. ಮೇಸ್ತ್ರಿಗೆ ಬಿಟ್ಟರೆ ಹತ್ತಿರ ಸಿಕ್ಕ ಕಡೆಗೆ ತಿರುಗಿಸುತ್ತಾನೆ, ತಾವೇ ನಿಂತು ನೋಡಿಕೊಳ್ಳಿ.

ಇನ್ನು ಮಾಡು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಬಂದ ಹೆಂಚು ಇಂದಿಗೂ ನಮ್ಮ ಮನೆಗಳ ಮೇಲಿದೆ. ಕೊಟ್ಟಿಗೆಗೂ ಅದನ್ನೇ, ಮನೆಯ ಮಾಡಿನಷ್ಟೇ ಓರೆಯಲ್ಲಿ ಹೊದಿಸಿ. ಶೀಟಿಗಿಂತ ತಂಪು, ಸಂದುಗಳಲ್ಲಿ ಗಾಳಿಯೂ ಆಡುತ್ತದೆ. ಹಳೆಯ ಹೆಂಚು ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡಿ, ಠಣ್ ಎನ್ನಬೇಕು. ಒಂದೇ ಕಾರ್ಖಾನೆಯ ಗುರುತಿನವನ್ನೇ ಆರಿಸಿ. ಬೇರೆ ಬೇರೆ ಗುರುತಿನವು ಒಂದಕ್ಕೊಂದು ಕಚ್ಚಿ ಕೂರದೆ ಸೋರುತ್ತವೆ. ಸೂರು 8 ಅಡಿ ಎತ್ತರವಿರಲಿ. ನಮ್ಮ ಮನೆ ಜಗುಲಿಯ ಮೇಲೆ ಎತ್ತರದಲ್ಲಿರುವುದರಿಂದ ಕೊಟ್ಟಿಗೆಯ ಸೂರು ಮನೆಯದನ್ನು ಮೀರಲಿಲ್ಲ. ಬೀದಿಯಿಂದ ನೋಡಿದವರಿಗೆ ಅದೂ ಮನೆಯೊಂದಿಗೇ ಕಟ್ಟಿದ್ದೆಂದು ತೋರುತ್ತದೆ.

ಟ್ರ್ಯಾಕ್ಟರು, ಟಿಲ್ಲರು ಇರುವವರು ಅದೇ ಮಾಡನ್ನು ಒಂದು ಅಂಕಣ ಮುಂದುವರಿಸಬಹುದು. ಆದರೆ ನಡುವೆ ಗೋಡೆ ಬೇಕು. ಹಾಲು ಡೀಸೆಲ್ ವಾಸನೆಯನ್ನು ಬೇಗ ಹಿಡಿಯುತ್ತದೆ.

ಕೊಟ್ಟಿಗೆಯ ಖರ್ಚಿಗೆಂದು ಕೆತ್ತನೆಯ ಕಂಬ, ಬಾಗಿಲುವಾಡಗಳನ್ನು ಕಿತ್ತು ಹಳೆ ಸಾಮಾನಿನ ವ್ಯಾಪಾರಿಗಳಿಗೆ ಕೊಟ್ಟವರನ್ನು ಕಂಡಿದ್ದೇನೆ. ಕಂಬ ಹೋದ ಕಡೆ ಮಾಡು ಕುಸಿಯಿತು. ದಯವಿಟ್ಟು ಆ ಕೆಲಸ ಮಾಡಬೇಡಿ.

ಈಗಾಗಲೇ ಶೀಟು ಹಾಕಿರುವವರು ಮೇಲೆ ತೆಂಗಿನ ಗರಿ ಹೊದಿಸಿ. ಗೋಡೆಯ ಬುಡಕ್ಕೆ ಸಿಮೆಂಟ್ ಬಳಿದಿರುವವರು ಅದನ್ನು ಕೆತ್ತಿಸಿ, ಒಂದು ಬೇಸಿಗೆ ಗೋಡೆ ಒಣಗಲು ಬಿಟ್ಟು, ಆಮೇಲೆ ಸುಣ್ಣದ ಗಾರೆ ಮಾಡಿಸಿ. ನಮ್ಮ ಮನೆಯ ಗೋಡೆಯನ್ನು ನೋಡಬೇಕೆನ್ನುವವರು ಸಂಜೆ ಹಾಲು ಕರೆಯುವ ಹೊತ್ತಿಗೆ ಬನ್ನಿ, ತೋರಿಸುತ್ತೇನೆ.