ಶಿಬಿರ ‘ಚೆನ್ನಾಗಿತ್ತು’ ಅಂದವರು, ಬಿಟ್ಟು ಹೋದವರು



ಹೋದ ಮೇ ತಿಂಗಳಲ್ಲಿ ಬಾಗಲೂರು ಕಡೆಯ ಹಳ್ಳಿಯಲ್ಲಿ ಕೂಲಿಯವರ ಮಕ್ಕಳಿಗೆ ಹತ್ತು ದಿನ ಕನ್ನಡ ಬೇಸಿಗೆ ಶಿಬಿರ ಮಾಡಿದ್ವಲ್ಲ, ಅದರ ಲೆಕ್ಕ ಒಪ್ಪಿಸೋಕೆ ನಿಂತಿದ್ದೀವಿ. ದುಡ್ಡಿನ ಲೆಕ್ಕ ಆಮೇಲೆ. ಮೊದಲು ಅಪ್ಪ ಅಮ್ಮಂದಿರು ಏನಂದ್ರು ಅನ್ನೋದು.

ಕೊನೇ ದಿನ ಅಭಿಪ್ರಾಯದ ಫಾರಂ ಕೊಟ್ವಿ. ಎಲ್ಲದರಲ್ಲೂ ‘ಚೆನ್ನಾಗಿತ್ತು’. ಖುಷಿಯಲ್ಲಿ ಪೇಜಿಗೆ ಫೋಟೊ ಕೂಡ ಹಾಕಿದ್ವಿ. ಆಮೇಲೆ ನೋಡಿದ್ರೆ ಕೈಬರಹವೆಲ್ಲ ನಮ್ಮ ಹುಡುಗರದ್ದೇ! ಮನೇಲಿ ಕನ್ನಡ ಮಾತಾಡೋ ಆ ತಾಯಂದಿರು ಓದಿದ್ದು ತಮಿಳಲ್ಲಿ, ಇಲ್ಲಾ ಓದೇ ಇಲ್ಲ. ನಮ್ಮ ಹುಡುಗರು ಎದುರಿಗೆ ಕೂತು ‘ಚೆನ್ನಾಗಿತ್ತಾ ಅಕ್ಕಾ?’ ಅಂತ ಕೇಳಿ ಬರ್ಕೊಂಡಿದ್ದಾರೆ. ಪಾಪ, ಅವರು ಇನ್ನೇನು ಹೇಳ್ತಾರೆ? ಬ್ಯಾಂಕಲ್ಲೂ ಇದೇ ಕಥೆ. ಕೌಂಟರ್ ಮುಂದೆ ನಿಂತವರು ದೂರು ಹೇಳಲ್ಲ, ಅಕೌಂಟ್ ಕ್ಲೋಸ್ ಮಾಡೋಕೆ ಬಂದವರು ಹೇಳ್ತಾರೆ.

ಅದಕ್ಕೇ, ಅರ್ಧಕ್ಕೆ ಬಿಟ್ಟ ಮಕ್ಕಳ ಮನೆಗಳಿಗೆ ಒಂದು ಸಂಜೆ ಹೋದ್ವಿ, ಫಾರಂ ಇಲ್ಲದೆ. ಗುಲಾಬಿ ಪಾಲಿಹೌಸ್ ಕೆಲಸದ ಒಬ್ಬ ತಾಯಿ ಅಂದ್ರು: ‘ನಾವು ಬೆಳಗ್ಗೇನೇ ಕೆಲಸಕ್ಕೆ ಹೋಗ್ತೀವಿ ಅಣ್ಣಾ. ನೀವು ಹತ್ತಕ್ಕೆ ಕರೀತೀರಿ. ಚಿಕ್ಕೋನನ್ನ ನೋಡ್ಕೊಳ್ಳೋಕೆ ದೊಡ್ಡವಳು ಮನೇಲೇ ಉಳಿದ್ಲು.’ ನಮ್ಮ ಹಾಜರಿ ಪುಸ್ತಕದಲ್ಲಿ ಆ ಹುಡುಗಿ ಹೆಸರಿನ ಮುಂದೆ ‘ಆಸಕ್ತಿ ಇಲ್ಲ’ ಅಂತ ಬರೆದಿತ್ತು. ಬರೆದದ್ದು ನಾವೇ.

ಸಿಪ್ಕಾಟ್‌ನಲ್ಲಿ ಗುತ್ತಿಗೆ ಕೆಲಸದ ಒಬ್ಬ ತಂದೆ ಕೇಳಿದ್ರು: ‘ಹಾಡು, ನಾಟಕ ಸರಿ ಸಾರ್. ಮಗ ಬೆಂಗಳೂರು ಬಸ್ಸಿನ ಬೋರ್ಡು ಕೂಡಿಸಿ ಓದ್ತಿದ್ದ. ಈಗ ಮರೀತಿದ್ದಾನೆ. ಇನ್ಮೇಲೆ ಯಾರು ಹೇಳಿಕೊಡ್ತಾರೆ?’ ನಮ್ಮ ಹತ್ರ ಉತ್ತರ ಇರಲಿಲ್ಲ. 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಿಂದ ಶುರುವಾಗಿ ಹಂತಹಂತವಾಗಿ ಹತ್ತರವರೆಗೂ ಬಂತು. ತಮಿಳು ಕಲಿಯೋದಕ್ಕೆ ನಮ್ಮ ತಕರಾರಿಲ್ಲ, ಬದುಕೋಕೆ ಬೇಕು. ಆದ್ರೆ ಶಾಲೇಲಿ ಕನ್ನಡ ಅಕ್ಷರ ಸಿಗದ ಮಗುಗೆ ಹತ್ತು ದಿನ ಯಾವ ಮೂಲೆಗೆ?

ಈ ಸಲ ತಮ್ಮ ತಂಗೀನೂ ಕರ್ಕೊಂಡು ಬರಬಹುದು, ಅವರಿಗೆ ಬೇರೆ ಚಾಪೆ. ಅಭಿಪ್ರಾಯ ಕೇಳೋದು ಶಿಬಿರ ಮುಗಿದು ಒಂದು ತಿಂಗಳಾದ ಮೇಲೆ, ಮನೇಲಿ ಕೂತು, ಪಾಠ ಮಾಡದವರು ಕೇಳಬೇಕು. ‘ಹೇಗಿತ್ತು’ ಅನ್ನೋ ಪ್ರಶ್ನೆ ಬೇಡ. ಮಗು ಮನೇಲಿ ಈಗ ಏನು ಓದುತ್ತೆ? ಯಾವ ದಿನ ಕಳಿಸೋಕೆ ಆಗಲಿಲ್ಲ, ಯಾಕೆ? ಬಿಟ್ಟವರ ಮನೆಗೆ ಮೊದಲು.

ಆ ತಂದೆಯ ಪ್ರಶ್ನೆ ಹಾಗೇ ಉಳಿದಿದೆ. ಭಾನುವಾರ ಎರಡು ಗಂಟೆ ಓದು ಹೇಳಿಕೊಡೋರು ಬೇಕು. ಬರೋರು ಕೈ ಎತ್ತಿ, ಹೆಸರು ಈಗಲೇ ಬರ್ಕೊಳ್ತೀವಿ.